ಕತ್ತಲೆಯ ಕೋಣೆಯೂ ಕೈಗೆಟುಕದ ದೀಪವೂ

ಚಲಚ್ಚಿತ್ರಗಳಲ್ಲಿ ಸೇಡಿನ ಕಥೆಗೆ ಎಂದೂ ಬರಗಾಲವಿಲ್ಲ. ಬಂಡವಾಳ ಅಲ್ಪವಾಗಿರಲಿ, ನಟರು ಹೊಸಬರಾಗಿರಲಿ, ಅನ್ಯಾಯಕ್ಕೊಳಗಾದವನೊಬ್ಬ ಕಾಯಿದೆಯನ್ನು ಬದಿಗೊತ್ತಿ ತಾನೇ ದಂಡಧರನಾಗಿ ನಿಂತನೆಂದರೆ ಪ್ರೇಕ್ಷಕರು ಚಪ್ಪಾಳೆ ತಟ್ಟದೆ ಇರಲಾರರು. ನಮ್ಮ ಈ ನಗರದ ತಮಿಳು ಚಿತ್ರರಂಗದಲ್ಲಿ ಹುಟ್ಟಿ ಬಳಿಕ ಕನ್ನಡಕ್ಕೂ ಬಂದ ಅಂತಹದೊಂದು ಚಿತ್ರದ ವಿಚಾರವನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

1981ರಲ್ಲಿ ಎಸ್. ಎ. ಚಂದ್ರಶೇಖರ್ ಅವರು ನಿರ್ದೇಶಿಸಿದ ‘ಸಟ್ಟಂ ಒರು ಇರುಟ್ಟರೈ’ ಎಂಬ ತಮಿಳು ಚಿತ್ರ ತೆರೆ ಕಂಡಿತು. ಕಾಯಿದೆಯೆಂಬುದು ಒಂದು ಕತ್ತಲೆಯ ಕೋಣೆ ಎಂದು ಆ ಹೆಸರಿನ ಅರ್ಥ. ಕಥೆ ಬರೆದವರು ನಿರ್ದೇಶಕರ ಪತ್ನಿ ಶೋಭಾ ಚಂದ್ರಶೇಖರ್. ಮಧುರೆಯಿಂದ ಬಂದು ಅವಕಾಶಕ್ಕಾಗಿ ಅಲೆಯುತ್ತಿದ್ದ ವಿಜಯಕಾಂತರಿಗೆ ನಾಯಕನಾಗಿ ಹೆಸರು ತಂದುಕೊಟ್ಟ ಚಿತ್ರವಿದು. ಮುಂದೆ 2005ರಲ್ಲಿ ಸ್ವಂತ ಪಕ್ಷ ಕಟ್ಟಿ, 2011ರಲ್ಲಿ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿ, 2023ರ ಡಿಸೆಂಬರಿನಲ್ಲಿ ನಿಧನರಾದವರು ಅವರೇ.

ಕಥೆ ಸರಳವಾದುದು. ಮೂವರು ದುರುಳರು ಒಂದು ಸಂಸಾರದ ತಂದೆಯನ್ನೂ ಮಗಳನ್ನೂ ಬಲಿ ತೆಗೆದುಕೊಳ್ಳುತ್ತಾರೆ. ಉಳಿದ ಮಗಳು ಬೆಳೆದು ಪೊಲೀಸ್ ಅಧಿಕಾರಿಯಾಗುತ್ತಾಳೆ. ಕಾಯಿದೆಯ ಮೂಲಕವೇ ಅವರಿಗೆ ಶಿಕ್ಷೆಯಾಗಬೇಕೆಂಬುದು ಅವಳ ಪಟ್ಟು. ಕಾಯಿದೆಯಲ್ಲಿ ನಂಬಿಕೆ ಕಳೆದುಕೊಂಡ ತಮ್ಮನಾದರೋ ಸಾಕ್ಷ್ಯ ಸಿಕ್ಕದಂತೆ ಹಗೆ ತೀರಿಸಿಕೊಳ್ಳಲು ಹೊರಡುತ್ತಾನೆ. ಅಕ್ಕ ತಮ್ಮಂದಿರ ಈ ಜಗಳವೇ ಚಿತ್ರದ ಜೀವಾಳ. ಒಂದೇ ನೋವನ್ನುಂಡ ಇಬ್ಬರು ಎರಡು ದಾರಿ ಹಿಡಿದುದರಿಂದ, ಬರಿಯ ಹೊಡೆದಾಟದ ಚಿತ್ರವಾಗಬಹುದಾಗಿದ್ದ ಇದರಲ್ಲಿ ಒಂದು ಗಂಭೀರ ಪ್ರಶ್ನೆ ಹುಟ್ಟಿಕೊಂಡಿತು.

ಆ ಪ್ರಶ್ನೆ ಭಾಷೆಯ ಗಡಿಗಳನ್ನು ದಾಟಿತು. ಅದೇ ವರ್ಷ ತೆಲುಗಿನಲ್ಲಿ ಚಿರಂಜೀವಿಯವರ ‘ಚಟ್ಟಾನಿಕಿ ಕಳ್ಳು ಲೇವು’ ಬಂದಿತು. 1982ರಲ್ಲಿ ಚಂದ್ರಶೇಖರರೇ ಇದನ್ನು ‘ನ್ಯಾಯ ಎಲ್ಲಿದೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ನಾಯಕರು ನಮ್ಮ ಶಂಕರ್ ನಾಗ್. 1983ರ ಹಿಂದೀ ‘ಅಂಧಾ ಕಾನೂನ್’ ಚಿತ್ರದಿಂದ, ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತರು ಹಿಂದೀ ಚಿತ್ರರಂಗವನ್ನು ಪ್ರವೇಶಿಸಿದರು. ಹೆಸರುಗಳನ್ನು ಗಮನಿಸಿರಿ: ತಮಿಳಿನಲ್ಲಿ ಕಾಯಿದೆ ಕತ್ತಲೆ, ತೆಲುಗಿನಲ್ಲಿ ಅದಕ್ಕೆ ಕಣ್ಣಿಲ್ಲ, ಹಿಂದಿಯಲ್ಲಿ ಅದು ಕುರುಡು. ಕನ್ನಡದ ಹೆಸರು ಮಾತ್ರ ತೀರ್ಪು ಹೇಳದೆ ಪ್ರಶ್ನೆಯನ್ನು ಕೇಳಿತು. ನಮಗೆ ಅದೇ ಹೆಚ್ಚು ಒಪ್ಪಿಗೆಯಾದುದು.

ಬೆಳಗಿನ ಜಾವ ಒಲೆ ಹೊತ್ತಿಸಿದವನು, ದಿನವಿಡೀ ತಟ್ಟೆ ಹೊತ್ತವನು, ಕಚೇರಿಯಲ್ಲಿ ಮೇಲಧಿಕಾರಿಯ ಮಾತನ್ನು ನುಂಗಿ ಮನೆಗೆ ಬಂದ ಗುಮಾಸ್ತನು ಇಂತಹ ಚಿತ್ರಕ್ಕೆ ಮನಸೋಲುವುದರಲ್ಲಿ ಆಶ್ಚರ್ಯವೇನಿದೆ? ಠಾಣೆಯ ಮೆಟ್ಟಿಲೇರಲು ಅಂಜಿಕೆ, ವಕೀಲರ ಶುಲ್ಕಕ್ಕೆ ಹಣವಿಲ್ಲ, ಅರ್ಜಿ ಬರೆಯಲು ಇಲ್ಲಿಯ ಭಾಷೆಯೂ ಸರಿಯಾಗಿ ಬಾರದು. ಅಂತಹವನ ಪರವಾಗಿ ತೆರೆಯ ಮೇಲೆ ಒಬ್ಬನು ಕೈ ಎತ್ತುತ್ತಾನೆ. ಆ ಚಪ್ಪಾಳೆಯನ್ನು ನಾವು ಹೀಗಳೆಯಲಾರೆವು.

ಆದರೆ ತೆರೆಯ ಮೇಲಿನ ಕಾಯಿದೆ ಬೇರೆ, ನ್ಯಾಯಾಸ್ಥಾನದ ಕಾಯಿದೆ ಬೇರೆ. ಹಿಂದೀ ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರ ಪಾತ್ರವು, ಮಾಡದ ಕೊಲೆಗೆ ಶಿಕ್ಷೆ ಅನುಭವಿಸಿ ಹೊರಬಂದು, ಸತ್ತನೆನ್ನಲಾದವನು ಬದುಕಿರುವುದನ್ನು ಕಂಡು ಅವನನ್ನು ಕೊಲ್ಲುತ್ತದೆ. ಶಿಕ್ಷೆ ಮೊದಲೇ ಮುಗಿದಿದೆ ಎಂದು ವಾದಿಸುತ್ತದೆ. ನಮ್ಮ ಸಂವಿಧಾನದ 20(2)ನೆಯ ವಿಧಿಯು ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆ ಕೂಡದೆನ್ನುವುದು ನಿಜ. ಬೇರೆ ದಿನ ನಡೆಸಿದ ಕೊಲೆ ಬೇರೆಯೇ ಅಪರಾಧ. ಚಿತ್ರವನ್ನು ನಂಬಿ ಕೈ ಎತ್ತಿದವನು ಸೆರೆಮನೆಗೇ ಹೋಗುತ್ತಾನೆ.

ಅಮೆರಿಕದಲ್ಲಿಯೂ ಇಂತಹದೇ ಪ್ರಸಂಗ ನಡೆಯಿತು. ಬ್ರಯಾನ್ ಗಾರ್‌ಫೀಲ್ಡರ ಕಾದಂಬರಿಯನ್ನು ಆಧರಿಸಿದ ‘ಡೆತ್ ವಿಶ್’ ಚಿತ್ರ 1974ರಲ್ಲಿ ಬಂದು, ಸೇಡಿನ ಅಗ್ಗದ ಚಿತ್ರಗಳ ಸಾಲಿಗೇ ದಾರಿಮಾಡಿತು. ಬಂದೂಕು ಹಿಡಿದವನನ್ನು ವೀರನಾಗಿಸಿದ ಆ ಚಿತ್ರ ಕಾದಂಬರಿಕಾರರಿಗೇ ಹಿಡಿಸಲಿಲ್ಲ. ಆ ದಾರಿ ತಪ್ಪೆಂದು ತೋರಿಸಲು ಅವರು 1975ರಲ್ಲಿ ಮತ್ತೊಂದು ಕಾದಂಬರಿ ಬರೆದರು.

ಕತ್ತಲೆಯ ಕೋಣೆ ಎಂಬ ಮಾತು ಅಣ್ಣಾದುರೈಯವರದೆಂದು ಈ ನಾಡಿನಲ್ಲಿ ಪ್ರಸಿದ್ಧವಾಗಿದೆ. ಆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಆ ಕೋಣೆಯಲ್ಲಿ ವಕೀಲನ ವಾದವೇ ದೀಪವೆಂದೂ, ಬಡವನಿಗೆ ಅದು ಎಟುಕದೆಂದೂ ಅವರ ಅಭಿಪ್ರಾಯ. ಚಿತ್ರದ ಹೆಸರು ಕತ್ತಲೆಯನ್ನು ಎತ್ತಿಕೊಂಡಿತು, ದೀಪವನ್ನು ಬಿಟ್ಟಿತು. ದುಡಿಯುವವನಿಗೆ ಬೇಕಾದುದು ಆ ದೀಪವೇ.

ಅದನ್ನು ಕೈಗೆಟುಕಿಸುವ ಯತ್ನ ನಡೆದಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರಂತೆ ಸ್ತ್ರೀಯರು, ಪರಿಶಿಷ್ಟರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಗೊತ್ತಾದ ಮಿತಿಗಿಂತ ಕಡಮೆ ವರಮಾನದವರು ಉಚಿತವಾಗಿ ವಕೀಲರ ನೆರವು ಪಡೆಯಬಹುದು. ರಾಜ್ಯ ಪ್ರಾಧಿಕಾರದ ಕಚೇರಿ ನಮ್ಮ ಹೈಕೋರ್ಟಿನ ಆವರಣದಲ್ಲಿಯೇ ಇದೆ; 15100 ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ಉಪಾಹಾರಗೃಹಗಳ ದುಡಿಮೆಯ ಗಂಟೆ, ರಜೆಗಳಿಗಾಗಿಯೇ ಇಲ್ಲಿ 1958ರಲ್ಲಿ ಪ್ರತ್ಯೇಕ ಕಾಯಿದೆಯಾಗಿದೆಯೆಂಬುದನ್ನು ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಬಲ್ಲರು?

ಗಲ್ಲಾದ ಮೇಲೆ ಕುಳಿತ ಅನುಭವವುಳ್ಳ ನಾವು ಮಾಲಿಕ ಬಂಧುಗಳಿಗೂ ಒಂದು ಮಾತು ಹೇಳುತ್ತೇವೆ. ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡಿರಿ. ದೂರು ಹೇಳಲು ಬಂದವನನ್ನು ಕುಳ್ಳಿರಿಸಿ ಕೇಳಿರಿ. ಕೇಳುವ ಕಿವಿ ಇರುವಲ್ಲಿ ಸೇಡು ಬೆಳೆಯುವುದಿಲ್ಲ. ದುಡಿಯುವ ಗೆಳೆಯರು ರಜೆಯ ದಿನ ಶಂಕರ್ ನಾಗರ ಚಿತ್ರವನ್ನು ಅವಶ್ಯವಾಗಿ ನೋಡಲಿ, ಚಪ್ಪಾಳೆಯನ್ನೂ ತಟ್ಟಲಿ. ಮರುದಿನ ತಮಗೇ ಅನ್ಯಾಯವಾದರೆ ಆ ಅಕ್ಕನ ದಾರಿಯನ್ನು ಹಿಡಿಯಲಿ, ಕೈಯಲ್ಲಿ ಒಂದು ಅರ್ಜಿಯೊಂದಿಗೆ.