ಮನೆಯ ಹೊಸ ಮೀಟರು ಮತ್ತು ಮರಾಠಿ ಬಿಲ್ಲು

ಅಕ್ಕಲಕೋಟ, ಮೈಂದರ್ಗಿ, ದುಧನಿಯ ಕಡೆಯ ನಮ್ಮ ಒಕ್ಕಲು ಬಂಧುಗಳ ಮನೆಮಾತು ಕನ್ನಡ. ಕರೆಂಟಿನ ಬಿಲ್ಲು ಮಾತ್ರ ಮರಾಠಿ. ಈಗ ಸ್ಮಾರ್ಟ್ ಮೀಟರಿನ ಮಾತೂ ಕೂಡಿಕೊಂಡಿದೆ. ಆದುದರಿಂದ ಅದರ ಲೆಕ್ಕವನ್ನು ನಾವು ಇಲ್ಲಿ ಬಿಡಿಸಿ ಹೇಳುತ್ತೇವೆ. ಇದು ಮನೆಯ ಮೀಟರಿನ ವಿಷಯ. ಹೊಲದ ಪಂಪಿನ ಲೆಕ್ಕ ಬೇರೆ.

ಹಳೆಯ ಮೀಟರು ಎಷ್ಟು ಯೂನಿಟ್ಟು ಸುಟ್ಟಿತೆಂಬುದನ್ನಷ್ಟೇ ತೋರಿಸುತ್ತಿತ್ತು. ಹೊಸದು ಯಾವ ಹೊತ್ತಿನಲ್ಲಿ ಸುಟ್ಟಿತು, ಒಮ್ಮೆಲೇ ಎಷ್ಟು ಎಳೆಯಿತು ಎಂಬುದನ್ನೂ ಬರೆದಿಡುತ್ತದೆ. ಬಾವಿಯಿಂದ ಸೇದಿದ ಒಟ್ಟು ನೀರು ಯೂನಿಟ್ಟು ಇದ್ದಂತೆ. ಒಂದು ಸಲಕ್ಕೆ ಹಗ್ಗದ ಮೇಲೆ ಬಿದ್ದ ಭಾರ ಡಿಮ್ಯಾಂಡ್ ಇದ್ದಂತೆ. 2 ಕಿಲೋವ್ಯಾಟಿನ ಗೀಜರು, 1 ಅಶ್ವಶಕ್ತಿಯ ಅಂದರೆ ಸುಮಾರು ಮುಕ್ಕಾಲು ಕಿಲೋವ್ಯಾಟಿನ ಮೋಟಾರು, ಎರಡನ್ನೂ ಕೂಡಿಯೇ ಹಚ್ಚಿದರೆ ಡಿಮ್ಯಾಂಡ್ ಎರಡೂಮುಕ್ಕಾಲು. ಒಂದಾದ ಮೇಲೊಂದು ಹಚ್ಚಿದರೆ ಯೂನಿಟ್ಟು ಅಷ್ಟೇ, ಡಿಮ್ಯಾಂಡ್ ಮಾತ್ರ ಎರಡೇ.

ಬಿಲ್ಲಿನಲ್ಲಿ ‘ಮಂಜೂರ ಭಾರ’ ಎಂದರೆ ನಿಮ್ಮ ಮನೆಗೆ ಒಪ್ಪಿದ ಕಿಲೋವ್ಯಾಟು. ‘ಸ್ಥಿರ ಆಕಾರ’ ದೀಪ ಹಚ್ಚದಿದ್ದರೂ ಕೊಡತಕ್ಕ ಹಣ. ‘ವೀಜ ಆಕಾರ’ ಯೂನಿಟ್ಟಿನ ಬೆಲೆ. 100 ಯೂನಿಟ್ಟು ದಾಟಿದರೆ ಮುಂದಿನದು ತುಟ್ಟಿ. ‘ವಹನ ಆಕಾರ’ ತಂತಿಯ ಮೇಲೆ ತಂದ ಕೂಲಿ. ಕರ್ನಾಟಕದಲ್ಲಿ ಸ್ಥಿರ ಹಣವನ್ನು ಮಂಜೂರಾದ ಕಿಲೋವ್ಯಾಟಿನ ಮೇಲೆ ಹಾಕುತ್ತಾರೆ. ಮಹಾರಾಷ್ಟ್ರದಲ್ಲಿ ಸಿಂಗಲ್ ಫೇಜ್ ಮನೆಗೆ ಹಾಗಿಲ್ಲ. ಆದುದರಿಂದ ಅಫಜಲಪುರದ ಬೀಗರ ಬಿಲ್ಲಿಗೆ ನಿಮ್ಮದನ್ನು ಹೋಲಿಸಿ ಗಾಬರಿಯಾಗಬೇಡಿರಿ.

ಹಗಲು ಸೂರ್ಯಶಕ್ತಿಯ ಕರೆಂಟು ಹೇರಳ. ಅದಕ್ಕೆಂದೇ 2025ರ ಜುಲೈ 1ರಿಂದ ಇಂಥ ಮೀಟರುಳ್ಳ ಮನೆಗಳಿಗೆ ಮುಂಜಾನೆ 9ರಿಂದ ಸಂಜೆ 5ರ ವರೆಗೆ ಸುಟ್ಟ ಯೂನಿಟ್ಟಿಗೆ 80 ಪೈಸೆ ರಿಯಾಯಿತಿ ಜಾರಿಗೆ ಬಂದಿತು. ದರ ಬದಲಾಗುತ್ತಿರುತ್ತದೆ, ಈಗಿನದನ್ನು ಬಿಲ್ಲಿನಲ್ಲಿ ನೋಡಿಕೊಳ್ಳಿರಿ. ನೀರೆತ್ತುವುದು, ಇಸ್ತ್ರಿ ಮೊದಲಾದವನ್ನು ಹಗಲಿಗೆ ಇಟ್ಟುಕೊಳ್ಳುವುದು ಲೇಸು.

ಕಾಯದೆಯೂ ನಿಮ್ಮ ಬೆನ್ನಿಗಿದೆ. ಹೊಸ ಮೀಟರು ಹೆಚ್ಚು ಡಿಮ್ಯಾಂಡ್ ತೋರಿಸಿತೆಂದು, ಅದನ್ನು ಕೂಡ್ರಿಸುವ ಮೊದಲಿನ ತಿಂಗಳುಗಳಿಗೆ ದಂಡ ಹಾಕಕೂಡದೆಂದು ಕೇಂದ್ರ ಸರಕಾರದ 2023ರ ನಿಯಮ ಹೇಳುತ್ತದೆ. ಆರ್ಥಿಕ ವರ್ಷದಲ್ಲಿ ಕನಿಷ್ಠ 3 ಸಲ ಮೀರಿದರೆ ಮಾತ್ರ ಮಂಜೂರ ಭಾರ ಏರಿಸತಕ್ಕದ್ದು. ಅಂಕಿ ತಪ್ಪೆಂದು ದೂರು ಕೊಟ್ಟರೆ 5 ದಿನಗಳೊಳಗೆ ಇನ್ನೊಂದು ಮೀಟರು ಕೂಡ್ರಿಸಿ, ಕನಿಷ್ಠ 3 ತಿಂಗಳು ತಾಳೆ ನೋಡಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ.

ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಟ್ಟು ಪಾವತಿ ಪಡೆಯಿರಿ. ಪ್ರತಿ ತಿಂಗಳ 1ನೇ ತಾರೀಖಿಗೆ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿರಿ. ನಿಮ್ಮ ಕೈಬರಹವೇ ನಿಮ್ಮ ಸಾಕ್ಷಿ.