ಗದ್ದೆಯ ಗೋವಕ್ಕಿ, ಪಟ್ಟಿಯ ಗೋವಕ್ಕಿ

ಮೇಯುವ ಎಮ್ಮೆಯ ಕಾಲಡಿಯಲ್ಲಿ ಮಿಡತೆ ಹೆಕ್ಕುತ್ತ ನಡೆಯುವ ಬಿಳಿ ಗೋವಕ್ಕಿಯನ್ನು ನೋಡದವರು ಯಾರು? ಮರಿ ಮಾಡುವ ಕಾಲ ಬಂತೆಂದರೆ ಅದರ ತಲೆ, ಕೊರಳು, ಎದೆ ಅರಿಸಿನ ಕುಂಕುಮ ಕಲಸಿ ಬಳಿದಂತೆ ಕಿತ್ತಳೆಯಾಗುತ್ತವೆ. ಆಫ್ರಿಕಾ, ಯುರೋಪಿನ ಗೋವಕ್ಕಿಗೆ ಇಷ್ಟು ಸಡಗರವಿಲ್ಲ. ನೆತ್ತಿ, ಎದೆ, ಬೆನ್ನಿನ ಮೇಲೆ ಒಂದಿಷ್ಟು ಮಾಸಲು ಬಣ್ಣ, ಅಷ್ಟೆ. ಹಾಗಾದರೆ ಇವು ಒಂದೇ ಪ್ರಭೇದವೋ, ಎರಡೋ? ಪಕ್ಷಿವಿಜ್ಞಾನಿಗಳ ಒಕ್ಕೂಟವಾದ ಐಒಸಿಯ ಜಾಗತಿಕ ಹಕ್ಕಿಪಟ್ಟಿ ಬಹಳ ಹಿಂದೆಯೇ ಎರಡೆಂದಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ನೋಡಿಕೊಳ್ಳುವ ಕ್ಲೆಮೆಂಟ್ಸ್ ಪಟ್ಟಿ ಈಚಿನವರೆಗೂ ಒಂದೇ ಎನ್ನುತ್ತಿತ್ತು.

ನಮ್ಮ ಹಕ್ಕಿ ವೀಕ್ಷಕರು ಲೆಕ್ಕ ಇಡುವ ಇ-ಬರ್ಡ್ ಜಾಲತಾಣ ನಡೆಯುವುದು ಕ್ಲೆಮೆಂಟ್ಸ್ ಪಟ್ಟಿಯಂತೆ. ಹಾಗಾಗಿ ಆ ಪಟ್ಟಿ ಒಂದನ್ನು ಎರಡಾಗಿಸಿದಾಗ, ಹಿಂದೆಂದೋ ಕೆನ್ಯಾಕ್ಕೆ ಹೋಗಿ ಬಂದವರಿಗೆ ಮನೆಯಲ್ಲಿ ಕೂತಲ್ಲೇ ಒಂದು ಲೈಫರ್, ಅಂದರೆ ಬದುಕಿನ ಲೆಕ್ಕಕ್ಕೆ ಹೊಸ ಪ್ರಭೇದ! ಉಲ್ಟಾ ಹೊಡೆಯುವುದೂ ಉಂಟು. ಉತ್ತರದ ಚಳಿನಾಡಿನ ರೆಡ್‌ಪೋಲ್ ಎಂಬ ಪುಟ್ಟ ಹಕ್ಕಿಯ ಮೂರು ಪ್ರಭೇದಗಳನ್ನು 2024ರಲ್ಲಿ ಒಂದಾಗಿಸಿದರು. ಹಿಮದಲ್ಲಿ ನಡುಗುತ್ತ ಮೂರನ್ನೂ ಗುರುತಿಸಿದ್ದವರ ಲೆಕ್ಕದಿಂದ ಎರಡು ಮಾಯ.

ಪಟ್ಟಿ ಮಾಡುವ ಎಲ್ಲರ ಮುಂದಿರುವುದೂ ಅದೇ ಗರಿ, ಅದೇ ಕೂಗು, ಅದೇ ಡಿಎನ್‌ಎ. ಜಗಳವಿರುವುದು ಗೆರೆ ಎಲ್ಲಿ ಎಳೆಯಬೇಕು ಎಂಬಲ್ಲಿ. ಮೂರನೆಯ ಪಟ್ಟಿಯವರಾದ ಬರ್ಡ್‌ಲೈಫ್ ಸಂಸ್ಥೆಯದು ಅಂಕದ ಲೆಕ್ಕ: ಬಣ್ಣ, ಅಳತೆ, ಹಾಡಿನ ವ್ಯತ್ಯಾಸಗಳಿಗೆ ಅಂಕ ಕೊಟ್ಟು ಕೂಡಿಸುತ್ತಾರೆ, ಏಳು ಬಂದರೆ ಬೇರೆ ಪ್ರಭೇದವಾಗಿ ಪಾಸು. ಆರು ಬಂದ ಹಕ್ಕಿಗೆ ಗ್ರೇಸ್ ಮಾರ್ಕ್ಸ್ ಇಲ್ಲ. ನನಗೆ ಇದು ಸ್ವಲ್ಪ ಎಸ್ಸೆಸ್ಸೆಲ್ಸಿ ಫಲಿತಾಂಶದಂತೆ ಕಾಣುತ್ತದೆ. ಆದರೆ ತಮಾಷೆಯೆಂದು ನಕ್ಕು ಬಿಡುವಂತಿಲ್ಲ, ಏಕೆಂದರೆ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಕೆಂಪು ಪಟ್ಟಿಗೆ ಹಕ್ಕಿಗಳನ್ನು ತೂಗಿ ಕೊಡುವುದು ಇದೇ ಬರ್ಡ್‌ಲೈಫ್. ಉಪಪ್ರಭೇದವಾಗಿ ಉಳಿದ ಹಕ್ಕಿಗೆ ಅಲ್ಲಿ ಸ್ವಂತ ಸಾಲು ಸಿಗುವುದಿಲ್ಲ.

ಬಾಬಾಬುಡನ್‌ಗಿರಿ, ಬ್ರಹ್ಮಗಿರಿಯ ಶೋಲಾ ಕಾಡಿನ ನೆಲದಲ್ಲಿ ಅಡಗಿ ಹಾಡುವ ನೀಲಿ ಹಕ್ಕಿಯನ್ನೇ ನೋಡಿ. ಪಾಲಕ್ಕಾಡ್ ಕಂಡಿಯ ಆಚೆ, ದಕ್ಷಿಣದ ಬೆಟ್ಟಗಳಲ್ಲಿರುವ ಅದರ ಬಿಳಿಹೊಟ್ಟೆಯ ಬಂಧುವನ್ನೂ ಇದನ್ನೂ ಒಂದೇ ಎಂದು ಬಹುಕಾಲ ಸೇರಿಸಿಟ್ಟಿದ್ದರು. ಯಾವ ಕುಲಕ್ಕೆ ಸೇರಿಸುವುದೆಂದು ತಿಳಿಯದೆ ಒಬ್ಬೊಬ್ಬರು ಒಂದೊಂದು ಮನೆಗೆ ಕಳಿಸಿದರು. ಕೊನೆಗೆ 2017ರಲ್ಲಿ, ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ವಿಜ್ಞಾನಿಗಳೂ ಇದ್ದ ತಂಡ ಡಿಎನ್‌ಎ ನೋಡಿ ಇವುಗಳಿಗೆಂದೇ ‘ಶೋಲಿಕೋಲ’ ಎಂಬ ಹೊಸ ಕುಲ ಕಟ್ಟಿತು. ಶೋಲಾವಾಸಿ ಎಂದರ್ಥ. ಬೆಟ್ಟದ ತುದಿಯ ಅಂಗೈಯಗಲ ಕಾಡನ್ನೇ ನಂಬಿದ ಹಕ್ಕಿ ಬೇರೆ ಪ್ರಭೇದವಾದರೆ ಆ ಕಾಡಿನ ಬೆಲೆಯೂ ಬೇರೆಯಾಗುತ್ತದೆ.

ಪಟ್ಟಿಗಳ ಈ ತಕರಾರು ಮುಗಿಸಲು ಐಒಸಿ, ಕ್ಲೆಮೆಂಟ್ಸ್, ಬರ್ಡ್‌ಲೈಫ್ ಮೂರೂ ಕಡೆಯವರು ಸುಮಾರು ನಾಲ್ಕು ವರ್ಷ ಒಟ್ಟಿಗೆ ಕೂತು, 2025ರ ಜೂನ್‌ನಲ್ಲಿ ಅವಿಲಿಸ್ಟ್ ಎಂಬ ಒಂದೇ ಪಟ್ಟಿ ಹೊರತಂದರು. ಅದರಲ್ಲಿ 11,131 ಪ್ರಭೇದಗಳಿವೆ. ಗೋವಕ್ಕಿ ಅಲ್ಲೂ ಎರಡೇ.

ನಮ್ಮದರ ಪ್ರಭೇದದ ಹೆಸರು ಕೋರಮಂಡ. ಹೊಸದಲ್ಲ, ಡಚ್ಚರ ಬೊಡ್ಡಾರ್ಟ್ 1783ರಲ್ಲೇ ಕೋರಮಂಡಲ ತೀರದ ನೆನಪಿಗೆ ಇಟ್ಟದ್ದು. ಈಗ ಅದಕ್ಕೆ ಪ್ರಭೇದದ ಪಟ್ಟ ಮರಳಿದೆ. ಬದಲಿಗೆ ಕುಲದ ಹೆಸರು ಹೋಯಿತು: ಬುಬುಲ್ಕಸ್, ಲ್ಯಾಟಿನ್ನಿನಲ್ಲಿ ದನಗಾಹಿ. ಅದನ್ನು ತೆಗೆದು, ಗೋವಕ್ಕಿಯನ್ನು ಬೂದು ಬಕದ ಕುಲವಾದ ಆರ್ಡಿಯಾಕ್ಕೆ ಸೇರಿಸಿದ್ದಾರೆ. ಊರಿನಲ್ಲಿ ಮಾತ್ರ ಅದು ಗೋವಕ್ಕಿಯೇ. ದನಗಳು ಕಡಿಮೆಯಾಗಿವೆ, ಟ್ರ್ಯಾಕ್ಟರಿನ ಹಿಂದೆ ನಡೆಯುತ್ತಿದೆ.