ಅಂತರಿಕ್ಷದಲ್ಲಿ ಚಿಗುರಿದ ಅಲಸಂದಿ, ನಮ್ಮ ಮೇವಿನ ಹೊಲಕ್ಕೊಂದು ಪಾಠ



ಹುಡಗಿ ಸುತ್ತಮುತ್ತ ನೀವು ಬಿತ್ತುವ ಅಲಸಂದಿ ಅಂತರಿಕ್ಷದಲ್ಲೂ ಮೊಳೆತಿದೆ. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್‌ನಲ್ಲಿ ಇಸ್ರೊ 8 ಅಲಸಂದಿ ಬೀಜ ಕಳಿಸಿತ್ತು. ನಾಲ್ಕೇ ದಿನದಲ್ಲಿ ಮೊಳಕೆ ಬಂತು, ಆಮೇಲೆ ಎಲೆಯೂ ಬಿಟ್ಟಿತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರು, ಮೆಂತ್ಯ ಕಾಳುಗಳನ್ನು ಒಯ್ದು ಅಲ್ಲಿ ಮೊಳಕೆ ಬರಿಸಿದರು.

ಅಲ್ಲಿ ಗಿಡಕ್ಕೆ ಕಷ್ಟವೇನು? ನಮ್ಮಲ್ಲಿ ಬಿಸಿಗಾಳಿ ಮೇಲೇರಿ ಹೊಸ ಗಾಳಿ ಎಲೆಗೆ ತಾಗುತ್ತದೆ. ಅಂತರಿಕ್ಷದಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ. ಎಲೆಯ ಸುತ್ತ ಅದರದೇ ಗಾಳಿ ನಿಂತು, ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದಕ್ಕೇ ಫ್ಯಾನ್ ಬೇಕು. ನೀರೂ ಕೆಳಗಿಳಿಯದೆ ಬೇರಿಗೆ ಅಂಟಿ ಉಸಿರು ಕಟ್ಟಿಸುತ್ತದೆ. 2002ರಲ್ಲಿ ಅಂತರಿಕ್ಷ ನಿಲ್ದಾಣದಲ್ಲಿ ಬೆಳೆಸಿದ ಗಿಡ್ಡ ಗೋಧಿ ಸಾಧಾರಣ ಬೆಳಕಿನಲ್ಲಿ ಭೂಮಿಯಲ್ಲಿದ್ದಂತೆಯೇ ಆಹಾರ ತಯಾರಿಸಿತು. ಬೆಳಕು, ಇಂಗಾಲದ ಡೈಆಕ್ಸೈಡ್ ಎರಡೂ ಬಹಳ ಹೆಚ್ಚಿದ್ದಾಗ ಮಾತ್ರ ತುಸು ಹಿಂದೆ ಬಿತ್ತು.

ಎಲ್ಲ ಗಿಡಗಳೂ ಒಂದೇ ರೀತಿ ಆಹಾರ ತಯಾರಿಸುವುದಿಲ್ಲ. ಗೋಧಿ, ಅಲಸಂದಿ, ಕುದುರೆ ಮಸಾಲೆ ಸೊಪ್ಪು ‘ಸಿ3’ ಗುಂಪಿನವು. ಜೋಳ, ಮೆಕ್ಕೆಜೋಳ, ನೇಪಿಯರ್ ಹುಲ್ಲು ‘ಸಿ4’. ಈ ಎರಡನೇ ಗುಂಪು ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ಕೂಡಿಟ್ಟುಕೊಂಡು ಬಳಸುತ್ತದೆ. ಆದ್ದರಿಂದ ಬಿಸಿಲಲ್ಲಿ ಎಲೆಯ ರಂಧ್ರ ಅರ್ಧ ಮುಚ್ಚಿದರೂ ಕೆಲಸ ನಿಲ್ಲದು, ನೀರೂ ಉಳಿಯುತ್ತದೆ. ನವಣೆಯ ಕಾಡು ಬಂಧುವಾದ ಸಿ4 ಹುಲ್ಲನ್ನೂ ಒಂದು ಸಿ3 ಹುಲ್ಲನ್ನೂ ನಿಲ್ದಾಣಕ್ಕೆ ಕಳಿಸಿ ವಿಜ್ಞಾನಿಗಳು ಹೋಲಿಸಿ ನೋಡಿದ್ದಾರೆ.

ನಿಮಗೆ ಇದರಿಂದ ಏನು ಲಾಭ? ಬೇಸಿಗೆಯಲ್ಲಿ ಬಾವಿ ನೀರು ಇಳಿದಾಗ ಹಸಿರು ಮೇವು ಕೊಡುವುದು ಹೆಚ್ಚಾಗಿ ಸಿ4 ಬೆಳೆ. ಆದರೆ ಪ್ರೋಟೀನ್ ಹೆಚ್ಚಿರುವುದು ಅಲಸಂದಿಯಲ್ಲಿ. ಒಂದನ್ನೇ ನಂಬಬೇಡಿ.

• ಮೂರು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ಅಲಸಂದಿ ಬಿತ್ತಿ.
• ತೀರ ಒತ್ತಾಗಿ ಬಿತ್ತಬೇಡಿ. ಗಾಳಿ, ಬೆಳಕು ಒಳಗೆ ಆಡಲಿ.
• ಎರೆ ಹೊಲದಲ್ಲಿ ನೀರು ನಿಂತರೆ ಬೇರಿಗೆ ಅಂತರಿಕ್ಷದ ಕಷ್ಟವೇ. ಬಸಿಗಾಲುವೆ ತೆಗೆಯಿರಿ.
• ಎಳೆಯ ಅಥವಾ ನೀರಿಲ್ಲದೆ ಬಾಡಿದ ಜೋಳದಲ್ಲಿ ವಿಷಾಂಶವಿರುತ್ತದೆ. ಹೂ ಬಿಟ್ಟ ಮೇಲೆಯೇ ಕೊಯ್ದು ಹಾಕಿ.

ರಾಕೆಟ್ ಏರಿದರೂ ಗಿಡಕ್ಕೆ ಬೇಕಾದ್ದು ಬೆಳಕು, ಗಾಳಿ, ನೀರೇ. ಅವನ್ನು ನಿಮ್ಮ ಹೊಲದಲ್ಲಿ ಸರಿಯಾಗಿ ಒದಗಿಸಿ. ಮೇವೂ ಹಾಲೂ ಎರಡೂ ಹೆಚ್ಚುತ್ತವೆ.